ಸಲಹೆ ಕೇಳಿದವರು ಉತ್ತರ ಕೊಡಬೇಕು

(ವಾರ್ಡ್ ಸಮಿತಿ ಸದಸ್ಯರು ಮತ್ತು ನಿವಾಸಿಗಳ ಸಂಘದವರ ಮುಂದೆ ಆಡಿದ ಮಾತುಗಳ ಬರಹ ರೂಪ. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಸಭೆಯಲ್ಲಿ ಬಂದ ಒಂದೆರಡು ಪ್ರಶ್ನೆಗಳನ್ನು ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿಕೊಂಡು ಇಷ್ಟು ಜನ ಬಂದಿದ್ದೀರಿ. "ಜನಕ್ಕೆ ಆಸಕ್ತಿ ಇಲ್ಲ ಸಾರ್, ಕರೆದರೂ ಬರೋದಿಲ್ಲ" ಅಂತ ಹೇಳುವ ಅಧಿಕಾರಿಗಳು ಈ ಹಾಲ್ ನೋಡಬೇಕಿತ್ತು.

ನಮ್ಮಲ್ಲಿ ಸಮಿತಿಗಳಿಗೆ ಬರ ಇಲ್ಲ. ಸರ್ಕಾರಿ ಶಾಲೆಗೆ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ. ಆಸ್ಪತ್ರೆಗೆ ಆರೋಗ್ಯ ರಕ್ಷಾ ಸಮಿತಿ, ಅಂಗನವಾಡಿಗೆ ಬಾಲವಿಕಾಸ ಸಮಿತಿ, ಕಾಡಂಚಿನ ಊರಿಗೆ ಗ್ರಾಮ ಅರಣ್ಯ ಸಮಿತಿ, ಬೀದಿ ವ್ಯಾಪಾರಕ್ಕೆ ಪಟ್ಟಣ ವ್ಯಾಪಾರ ಸಮಿತಿ. ನಗರದಲ್ಲಿ ವಾರ್ಡ್ ಸಮಿತಿ. ಸಲಹೆಗಳಿಗಂತೂ ಕೊರತೆಯೇ ಇಲ್ಲ, ಎರಡು ನಿಮಿಷ ಮೈಕ್ ಕೊಟ್ಟರೆ ಇಲ್ಲಿರುವ ಪ್ರತಿಯೊಬ್ಬರೂ ಹತ್ತು ಸಲಹೆ ಕೊಡುತ್ತೀರಿ. ಹಾಗಾದರೆ ಎಲ್ಲಿ ಎಡವುತ್ತಿದ್ದೇವೆ? ನನ್ನ ಪ್ರಕಾರ ಎಡವುತ್ತಿರುವುದು ಸಭೆ ಮುಗಿದ ಮೇಲೆ. ನಾವು ಹೇಳಿದ್ದಕ್ಕೆ ಉತ್ತರ ಬರುವುದಿಲ್ಲ. ಆಗುತ್ತೋ ಇಲ್ಲವೋ, ಆದರೆ ಯಾವಾಗ, ಇಲ್ಲದಿದ್ದರೆ ಯಾಕೆ ಅಂತ ಯಾರೂ ಬರೆದು ಕೊಡುವುದಿಲ್ಲ. ಇವತ್ತು ನಾನು ಹೇಳಲು ಬಂದಿರುವುದು ಇಷ್ಟೇ. ಉಳಿದದ್ದೆಲ್ಲ ಇದರ ಸುತ್ತ ಬರುವ ಮಾತು.

ಮೊದಲು ಕಾನೂನಿನ ವಿಷಯ ಸ್ವಲ್ಪ ನೋಡೋಣ. ಬೇಜಾರಾಗಬೇಡಿ, ಬೇಗ ಮುಗಿಸುತ್ತೇನೆ.

ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂತು. ಅದರಲ್ಲಿ 243-ಎಸ್ ಅನ್ನುವ ವಿಧಿ ಇದೆ. 3 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ನಗರದಲ್ಲಿ ವಾರ್ಡ್ ಸಮಿತಿ ಇರಲೇಬೇಕು ಅಂತ ಅದು ಹೇಳುತ್ತದೆ. ಇರಬಹುದು ಅಂತಲ್ಲ, ಇರಲೇಬೇಕು. ಆದರೆ ಅದೇ ವಿಧಿಯಲ್ಲಿ "ಒಂದು ಅಥವಾ ಹೆಚ್ಚು ವಾರ್ಡ್‌ಗಳಿಗೆ" ಅನ್ನುವ ಮಾತೂ ಇದೆ. ಬಹಳ ರಾಜ್ಯಗಳು ಈ ಸಂದಿಯಲ್ಲೇ ನುಸುಳಿಕೊಂಡವು. ಮುಂಬೈಯಲ್ಲಿ 227 ವಾರ್ಡ್ ಇವೆ. ಅಲ್ಲಿ ಹತ್ತಾರು ವಾರ್ಡ್ ಸೇರಿಸಿ ಒಂದೊಂದು ಸಮಿತಿ ಮಾಡಿದರು. ಅಷ್ಟು ದೊಡ್ಡ ಸಮಿತಿಯಲ್ಲಿ ಕೂರುವವರು ಕಾರ್ಪೊರೇಟರ್‌ಗಳೇ. ನಿಮ್ಮ ಬೀದಿಯ ದೀಪದ ಮಾತು ಅಲ್ಲಿ ಯಾರ ಕಿವಿಗೆ ಬೀಳಬೇಕು?

ಈ ವಿಷಯದಲ್ಲಿ ಕರ್ನಾಟಕ ಪರವಾಗಿಲ್ಲ ಅನ್ನಬೇಕು. ಕಾಗದದ ಮೇಲಂತೂ ಪರವಾಗಿಲ್ಲ. ಪೌರ ನಿಗಮಗಳ ಕಾಯ್ದೆಗೆ 2011ರಲ್ಲಿ ತಿದ್ದುಪಡಿ ಬಂತು, 2016ರಲ್ಲಿ ವಾರ್ಡ್ ಸಮಿತಿ ನಿಯಮಗಳು ಬಂದವು. ಒಂದು ವಾರ್ಡಿಗೆ ಒಂದು ಸಮಿತಿ. ಕಾರ್ಪೊರೇಟರ್ ಅಧ್ಯಕ್ಷರು. ಅವರ ಜೊತೆ ಹತ್ತು ಮಂದಿ ನಾಗರಿಕರು. ಅದರಲ್ಲಿ ಕನಿಷ್ಠ ಮೂವರು ಹೆಣ್ಣುಮಕ್ಕಳು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿಗಳ ಸಂಘದಂಥ ಸಂಸ್ಥೆಗಳಿಂದ ಬಂದವರು. ತಿಂಗಳಿಗೊಂದು ಸಭೆ.

ಇದು ತಾನಾಗಿ ನಡೆಯಲಿಲ್ಲ. ಬೆಂಗಳೂರಿನಲ್ಲಿ ಕಸದ ಸಮಸ್ಯೆ ಹೈಕೋರ್ಟ್ ಮೆಟ್ಟಿಲು ಹತ್ತಿ, ಕೋರ್ಟ್ ಗಟ್ಟಿಯಾಗಿ ಹೇಳಿದ ಮೇಲೆ ಸಮಿತಿಗಳು ಕಣ್ಣು ಬಿಟ್ಟವು. 2018ರ ಕೊನೆಯಿಂದ ಪ್ರತಿ ತಿಂಗಳ ಮೊದಲ ಶನಿವಾರ 198 ವಾರ್ಡ್‌ಗಳಲ್ಲೂ ಸಭೆ ಅಂತಾಯಿತು. ಒಂದೇ ದಿನ ಎಲ್ಲ ಕಡೆ ಸಭೆ ಅನ್ನುವುದು ಸಣ್ಣ ವಿಷಯದ ಹಾಗೆ ಕಾಣಿಸುತ್ತದೆ, ಅಲ್ವಾ? ಆದರೆ ಅದರಿಂದ ಆದ ಲಾಭ ದೊಡ್ಡದು. ತಾರೀಕು ಯಾರನ್ನೂ ಕೇಳಬೇಕಾಗಿರಲಿಲ್ಲ. ಶನಿವಾರ ಬಂದರೆ ಹೋಗಿ ಬಾಗಿಲು ತಟ್ಟಿದರಾಯಿತು. ಬೀಗ ಹಾಕಿದ್ದರೆ ಅದೇ ಒಂದು ಸುದ್ದಿ. ಮಂಗಳೂರಿನಲ್ಲೂ ನಾಗರಿಕರು ಬೆನ್ನು ಬಿಡದೆ ಕೇಳಿ ಕೇಳಿ ವಾರ್ಡ್ ಸಮಿತಿ ತಂದುಕೊಂಡರು.

ಕಾನೂನಿನ ಕಥೆ ಇಲ್ಲಿಗೆ ಸಾಕು. ಸಭೆಯ ಒಳಗೆ ಹೋಗೋಣ.

ಅಂಥ ಒಂದು ಸಮಿತಿಯಲ್ಲಿ ನಾನೂ ಕೂತವನು. ಊರು ಯಾವುದು, ವಾರ್ಡ್ ಯಾವುದು ಅನ್ನುವುದು ಬೇಡ. ಎಲ್ಲ ಕಡೆ ಹೀಗೇ ನಡೆಯುತ್ತದೆ ಅಂತ ಇಲ್ಲಿ ತಲೆ ಆಡಿಸುತ್ತಿರುವವರನ್ನು ನೋಡಿದರೇ ಗೊತ್ತಾಗುತ್ತದೆ.

ವಾರ್ಡ್ ಆಫೀಸಿನ ಮೊದಲ ಮಹಡಿ. ಹನ್ನೊಂದಕ್ಕೆ ಅಂತ ಕರೆದದ್ದು, ಹನ್ನೆರಡಕ್ಕೆ ಶುರು. ಬಂದ ಕೂಡಲೇ ಹಾಜರಿ ಪುಸ್ತಕ ಕೈಗೆ ಬರುತ್ತದೆ. ಸಹಿ ಹಾಕಿ. ಆಮೇಲೆ ಫೋಟೊ, ತಾರೀಕು ಮತ್ತು ಜಾಗ ಮೂಲೆಯಲ್ಲಿ ಕಾಣುವ ಹಾಗೆ. ಫೋಟೊ ವಾಟ್ಸಾಪ್ ಗ್ರೂಪಿಗೆ ಹೋಯಿತು ಅಂದರೆ ಆಫೀಸಿನ ಲೆಕ್ಕದಲ್ಲಿ ಅರ್ಧ ಸಭೆ ಮುಗಿದಂತೆ. ಚಹಾ ಬರುತ್ತದೆ. ಅಜೆಂಡಾ ಎಲ್ಲಿ ಅಂತ ಕೇಳಿದರೆ "ನೀವೇ ಹೇಳಿ ಸಾರ್, ಏನಿದೆ ಸಮಸ್ಯೆ" ಅನ್ನುತ್ತಾರೆ. ಎಲ್ಲರೂ ಒಟ್ಟಿಗೇ ಹೇಳುತ್ತಾರೆ. ನಾಯಿ, ಕಸ, ಬೀದಿ ದೀಪ, ನೀರು, ಪಾರ್ಕಿಂಗ್, ಮತ್ತೆ ನಾಯಿ.

ಒಂದು ಸಭೆಯಲ್ಲಿ ಒಬ್ಬ ಸದಸ್ಯೆ ಶಾಲೆ ರಸ್ತೆಯ ಮೋರಿಯ ವಿಷಯ ಎತ್ತಿದರು. ಅವರು ಮನೆಯಲ್ಲೇ ಬಟ್ಟೆ ಹೊಲಿಯುವವರು, ಮಗಳನ್ನು ದಿನಾ ಅದೇ ದಾರಿಯಲ್ಲಿ ಶಾಲೆಗೆ ಬಿಡುತ್ತಾರೆ. ಶಾಲೆಯ ಗೇಟಿನಿಂದ ಬಸ್ ಸ್ಟಾಪಿಗೆ ಬರುವ ಫುಟ್‌ಪಾತಿನಲ್ಲಿ ಮೂರು ಚಪ್ಪಡಿ ಇಲ್ಲ. ಕೆಳಗೆ ಮೋರಿ. ಮಕ್ಕಳು ಅಲ್ಲಿ ರಸ್ತೆಗೆ ಇಳಿದು ನಡೆಯುತ್ತಾರೆ. ಎದುರಿಗೆ ಟ್ಯಾಂಕರ್ ಬರುತ್ತದೆ. ಎಂಜಿನಿಯರ್ ಹೇಳಿದರು, "ಮೇಡಂ, ಚಪ್ಪಡಿ ತೆಗೆದಿದ್ದು ನಾವಲ್ಲ, ಒಳಚರಂಡಿಯವರು." ಒಳಚರಂಡಿಯವರು ಸಭೆಗೆ ಬಂದಿರಲಿಲ್ಲ. ನಡಾವಳಿ ಪುಸ್ತಕದಲ್ಲಿ ಬರೆದದ್ದು ಇಷ್ಟು: "ಶಾಲೆ ರಸ್ತೆಯ ಮೋರಿ ಕುರಿತು ಚರ್ಚಿಸಲಾಯಿತು. ನಿಯಮಾನುಸಾರ ಅಗತ್ಯ ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು."

ಮುಂದಿನ ತಿಂಗಳು ಅವರು ಮತ್ತೆ ಎತ್ತಿದರು. ಮತ್ತೆ ಅದೇ ಸಾಲು ಬರೆದರು. ಅದರ ಮುಂದಿನ ತಿಂಗಳು ಆಕೆ ಬರಲಿಲ್ಲ. ಅರ್ಧ ದಿನ ಹೊಲಿಗೆ ಬಿಟ್ಟು ಬರುವುದು ಅಂದರೆ ಅಷ್ಟು ದುಡ್ಡು ಹೋದಂತೆ. ಯಾಕೆ ಬರಬೇಕು? "ಜನಕ್ಕೆ ಆಸಕ್ತಿ ಇಲ್ಲ" ಅಂತ ಆಮೇಲೆ ಬರೆದುಕೊಳ್ಳುವುದು ಇಂಥವರ ಹೆಸರಿನಲ್ಲೇ.

ನಮ್ಮಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಒಬ್ಬರಿದ್ದರು. ಜಾಸ್ತಿ ಮಾತಿಲ್ಲ. ಅವರು ಒಂದು ಸಭೆಯಲ್ಲಿ ನಡಾವಳಿ ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡು, ಸ್ಕೇಲ್ ಇಟ್ಟು ಉದ್ದಕ್ಕೆ ಗೆರೆ ಹೊಡೆದರು. ಏನು, ಎಲ್ಲಿ, ಯಾರು, ಯಾವಾಗ, ಆಗದಿದ್ದರೆ ಕಾರಣ. ಐದು ಮನೆ. ಆಮೇಲೆ ಎಂಜಿನಿಯರ್‌ಗೆ ಹೇಳಿದರು: "ನೀವು ಏನು ಬೇಕಾದರೂ ಬರೆಯಿರಿ ಸಾರ್, ಆಗೋದಿಲ್ಲ ಅಂತಲೂ ಬರೆಯಿರಿ. ಆದರೆ ಈ ಮನೆಗಳು ಖಾಲಿ ಇದ್ದರೆ ನಾನು ಸಹಿ ಹಾಕಲ್ಲ." ಇನ್ನೊಂದು ಪದ್ಧತಿಯನ್ನೂ ಅವರೇ ತಂದರು. ಸಹಿ ಸಭೆಯ ಕೊನೆಗೆ, ಬರೆದದ್ದನ್ನು ಓದಿ ಹೇಳಿದ ಮೇಲೆ. ಬಂದ ಕೂಡಲೇ ಅಲ್ಲ.

ಚಪ್ಪಡಿಯ ವಿಷಯ ಆ ಗೆರೆಗಳ ಒಳಗೆ ಬಂದಾಗ ಏನಾಯಿತು ಗೊತ್ತಾ? "ಯಾರು" ಅನ್ನುವ ಮನೆಯಲ್ಲಿ ಒಳಚರಂಡಿ ವಿಭಾಗದ ಸಹಾಯಕ ಎಂಜಿನಿಯರ್ ಅಂತ ಬರೆಯಬೇಕಾಯಿತು. ಬರೆದ ಮೇಲೆ ಅವರಿಗೆ ಒಂದು ಪ್ರತಿ ಕಳಿಸಬೇಕಾಯಿತು. ಕಳಿಸಿದ ಮೇಲೆ ಅವರು ಉತ್ತರ ಬರೆದರು. ಆ ಮೋರಿಯನ್ನು ಒಡೆದು ಹೊಸದಾಗಿ ಕಟ್ಟುವ ಕಾಮಗಾರಿ ಟೆಂಡರ್‌ನಲ್ಲಿದೆ, ಅದಕ್ಕೇ ಹೊಸ ಚಪ್ಪಡಿ ಹಾಕಿಲ್ಲ, ಅಲ್ಲಿಯವರೆಗೆ ಹಳೆಯ ಚಪ್ಪಡಿಗಳನ್ನೇ ಹಾಕಿ ಮೋರಿ ಮುಚ್ಚಿಸುತ್ತೇವೆ ಅಂತ. ನೋಡಿ, ಅವರ ಹತ್ತಿರ ಕಾರಣ ಇತ್ತು! ಒಳ್ಳೆಯ ಕಾರಣವೇ ಇತ್ತು. ತಿಂಗಳುಗಟ್ಟಲೆ ಅದು ಅವರ ಫೈಲಿನಲ್ಲೇ ಕೂತಿತ್ತು, ನಮಗೆ ಯಾರೂ ಹೇಳಿರಲಿಲ್ಲ. ಹಳೆಯ ಚಪ್ಪಡಿ ಬಂದು ಕೂತವು. ಒಂದು ಸ್ವಲ್ಪ ಅಲುಗಾಡುತ್ತದೆ, ಅದು ಬೇರೆ ವಿಷಯ. ಆ ಸದಸ್ಯೆಗೆ ಫೋನ್ ಮಾಡಿ ಉತ್ತರ ಓದಿ ಹೇಳಿದೆವು. ಮುಂದಿನ ಸಭೆಗೆ ಅವರು ಬಂದರು, ಇನ್ನೊಬ್ಬರನ್ನೂ ಕರೆದುಕೊಂಡು ಬಂದರು.

ಅಧಿಕಾರಿಗಳಿಗೂ ಇದರಿಂದ ಅನುಕೂಲ ಇದೆ ಅಂತ ನನಗೆ ಅನ್ನಿಸಿದ್ದು ಆವಾಗಲೇ. ಬಹಳಷ್ಟು ಸಲ ಕೆಲಸ ಆಗದೇ ಇರುವುದಕ್ಕೆ ಅವರಲ್ಲಿ ಸರಿಯಾದ ಕಾರಣವೇ ಇರುತ್ತದೆ. ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಅದಕ್ಕೇ ಬೈಸಿಕೊಳ್ಳುತ್ತಾರೆ.

ಇದೇ ಪದ್ಧತಿಯನ್ನು ದೊಡ್ಡ ಮಟ್ಟದಲ್ಲಿ ಮಾಡಿದವರು ಐರ್ಲೆಂಡಿನವರು. 2016ರಲ್ಲಿ ಅವರು ಒಂದು ನಾಗರಿಕ ಸಭೆ ಮಾಡಿದರು. ಒಬ್ಬ ಅಧ್ಯಕ್ಷೆ, 99 ಮಂದಿ ಸಾಮಾನ್ಯ ಜನ. ಗರ್ಭಪಾತದಂಥ ಸೂಕ್ಷ್ಮ ವಿಷಯವನ್ನು ಅವರ ಮುಂದೆ ಇಟ್ಟರು. ಈ 99 ಜನರ ಮಾತೇ ಕೊನೆ ಅಂತ ಯಾರೂ ಹೇಳಿರಲಿಲ್ಲ. ಅದು ಸಲಹಾ ಸಮಿತಿಯೇ. ಆದರೆ ಸಭೆಯನ್ನು ನೇಮಿಸಿದ ನಿರ್ಣಯದಲ್ಲೇ ಒಂದು ಷರತ್ತು ಹಾಕಿದ್ದರು: ಅವರ ಪ್ರತಿಯೊಂದು ಶಿಫಾರಸಿಗೂ ಸರ್ಕಾರ ಸಂಸತ್ತಿನಲ್ಲಿ ಉತ್ತರ ಕೊಡಬೇಕು. ಒಪ್ಪಬೇಕು ಅಂತಿಲ್ಲ, ಉತ್ತರ ಕೊಡಬೇಕು. ಆ ಶಿಫಾರಸು ಮುಂದೆ ಹೋಗಿ 2018ರ ಮೇ 25ರಂದು ಜನಮತಗಣನೆ ಆಯಿತು, ಸಂವಿಧಾನವೇ ಬದಲಾಯಿತು. ನಮಗೆ ಸಂವಿಧಾನ ಬದಲಾಯಿಸುವ ಆಸೆ ಇಲ್ಲ, ಮೋರಿ ಮುಚ್ಚಿದರೆ ಸಾಕು. ಆದರೆ ಆ ಒಂದು ಷರತ್ತು ನಮಗೂ ಬೇಕು.

ಅಷ್ಟು ದೂರ ಯಾಕೆ, ನಮ್ಮ ಹಳ್ಳಿಗಳಲ್ಲಿ ನವೆಂಬರ್ ಹೊತ್ತಿಗೆ ಮಕ್ಕಳ ಗ್ರಾಮ ಸಭೆ ನಡೆಯುತ್ತದೆ. ಒಂದು ಸಲ ಹೋಗಿ ನೋಡಿ. ಶೌಚಾಲಯಕ್ಕೆ ನೀರಿಲ್ಲ, ಶಾಲೆ ಪಕ್ಕದಲ್ಲೇ ಗುಟ್ಕಾ ಮಾರುತ್ತಾರೆ, ಬಸ್ ನಿಲ್ಲಿಸುವುದಿಲ್ಲ. ಮಕ್ಕಳು ಎದ್ದು ನಿಂತು ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ಮುಖ ನೋಡಿಕೊಂಡು ಕೇಳುತ್ತಾರೆ. ಮಕ್ಕಳಿಗೆ "ನಿಯಮಾನುಸಾರ ಕ್ರಮ" ಅಂದರೆ ಅರ್ಥ ಆಗುವುದಿಲ್ಲ, "ಯಾವಾಗ ಸಾರ್?" ಅಂತಾರೆ. ಹೋದ ವರ್ಷ ಹೇಳಿದ್ದು ಏನಾಯಿತು ಅಂತ ಕೇಳಿದಾಗ ಪಿಡಿಒ ತಡವರಿಸುವುದನ್ನು ನೋಡಬೇಕು. ದೊಡ್ಡವರಾದ ನಾವು ಚಹಾ ಕುಡಿದು ಎದ್ದು ಬರುತ್ತೇವೆ.

ಇನ್ನು ಯಾರು ಕೂರಬೇಕು ಅನ್ನುವ ವಿಷಯ. ಇದರ ಬಗ್ಗೆ ನನಗೆ ಸ್ವಲ್ಪ ಜಾಸ್ತಿಯೇ ಹೇಳುವುದಿದೆ.

ಮೊದಲು ಒಂದು ಲೆಕ್ಕ. ನಮ್ಮ ಗ್ರಾಮ ಪಂಚಾಯಿತಿಯಲ್ಲಿ 400 ಜನಕ್ಕೆ ಒಬ್ಬ ಸದಸ್ಯ. 2011ರ ಜನಗಣತಿಯಲ್ಲಿ ಬೆಂಗಳೂರು ಪಾಲಿಕೆಯ ಜನಸಂಖ್ಯೆ ಸುಮಾರು 84 ಲಕ್ಷ, ವಾರ್ಡ್ 198. ಅಂದರೆ 42 ಸಾವಿರ ಜನಕ್ಕೆ ಒಬ್ಬ ಕಾರ್ಪೊರೇಟರ್. ಹತ್ತು ಮಂದಿ ಸಮಿತಿ ಸದಸ್ಯರನ್ನು ಸೇರಿಸಿಕೊಂಡರೂ ತಲೆಗೆ 4 ಸಾವಿರದ ಹತ್ತಿರ. ಹಳ್ಳಿಯಲ್ಲಿ ಸದಸ್ಯ ನಿಮ್ಮ ಮನೆ ಮುಂದೆ ಹಾದು ಹೋಗುತ್ತಾನೆ, ನಿಲ್ಲಿಸಿ ಕೇಳಬಹುದು. ನಗರದಲ್ಲಿ ಸಮಿತಿ ಸದಸ್ಯರು ಯಾರು ಅಂತಲೇ ಬಹಳ ಜನಕ್ಕೆ ಗೊತ್ತಿಲ್ಲ. ಹಾಗಿರುವಾಗ ಆ ಹತ್ತು ಮಂದಿ ಯಾರು ಅನ್ನುವುದು ಸಣ್ಣ ಪ್ರಶ್ನೆ ಅಲ್ಲ.

ಬೆಂಗಳೂರಿನಲ್ಲಿ 1999ರಲ್ಲಿ ಎಸ್.ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದಾಗ ಬೆಂಗಳೂರು ಅಜೆಂಡಾ ಟಾಸ್ಕ್ ಫೋರ್ಸ್ ಅಂತ ಒಂದು ತಂಡ ಮಾಡಿದರು. ನಂದನ್ ನಿಲೇಕಣಿ ಅದರ ಮುಂದಾಳು. ಕೆಲಸ ಮಾಡಲಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ಪಾಲಿಕೆಯ ಲೆಕ್ಕಪತ್ರ ಸುಧಾರಿಸಿತು, ಆಸ್ತಿ ತೆರಿಗೆಯನ್ನು ಮನೆಯವರೇ ಲೆಕ್ಕ ಹಾಕಿ ಕಟ್ಟುವ ಪದ್ಧತಿಗೆ ಬಲ ಬಂತು. ಅದರಲ್ಲಿ ಒಂದು ಗುಣ ನನಗೆ ಬಹಳ ಇಷ್ಟ. ಜಲಮಂಡಳಿ, ಬಿಡಿಎ, ಪಾಲಿಕೆ ಎಲ್ಲರನ್ನೂ ಸಾರ್ವಜನಿಕ ಸಭೆಗೆ ಕರೆದು, ಏನು ಮಾಡುತ್ತೇವೆ ಅಂತ ಹೇಳಿಸಿ, ಆಮೇಲೆ ಏನು ಮಾಡಿದಿರಿ ಅಂತ ಅದೇ ವೇದಿಕೆಯಲ್ಲಿ ಕೇಳುತ್ತಿದ್ದರು. ಉತ್ತರ ಕೊಡಿಸುವ ಕೆಲಸ ಅಂದರೆ ಅದೇ. ಆದರೆ ಆ ತಂಡದಲ್ಲಿ ಕೂತವರು ಉದ್ಯಮಿಗಳು, ತಜ್ಞರು, ಹೆಸರು ಮಾಡಿದವರು. ಕೊಳೆಗೇರಿಯ ನಲ್ಲಿಯ ಮುಂದೆ ಕೊಡ ಇಟ್ಟು ಕಾಯುವವರು ಇರಲಿಲ್ಲ. ಚುನಾಯಿತ ಕಾರ್ಪೊರೇಟರ್‌ಗಳೂ ಬದಿಗೆ ಸರಿದರು. 2004ರಲ್ಲಿ ಸರ್ಕಾರ ಬದಲಾಯಿತು, ಅದೂ ಮುಗಿಯಿತು. ಅದನ್ನು ಉಳಿಸಿಕೊಳ್ಳಲು ಬೀದಿಗೆ ಬಂದವರು ನನಗಂತೂ ಕಾಣಲಿಲ್ಲ.

ನಮ್ಮ ನಿವಾಸಿಗಳ ಸಂಘಗಳೂ ಸ್ವಲ್ಪ ಹಾಗೇ. ಕೋಪ ಮಾಡಿಕೊಳ್ಳಬೇಡಿ, ನಾನೂ ಒಂದು ಸಂಘದವನೇ. ಸ್ವಂತ ಮನೆ ಇದ್ದವರು, ನಿವೃತ್ತರು, ಹೆಚ್ಚಿನವರು ಗಂಡಸರು. ಬಾಡಿಗೆ ಮನೆಯವರು ಲೆಕ್ಕಕ್ಕಿಲ್ಲ. ನಿಯಮದಲ್ಲಿ ಸದಸ್ಯರಾಗುವವರು ಆ ವಾರ್ಡಿನ ಮತದಾರರಾಗಿರಬೇಕು ಅಂತಿದೆ. ಕೇಳಲಿಕ್ಕೆ ಸರಿಯಾಗೇ ಇದೆ. ಆದರೆ ಕಲಬುರಗಿಯಿಂದಲೋ ರಾಯಚೂರಿನಿಂದಲೋ ಬಂದು ಹತ್ತು ವರ್ಷದಿಂದ ಕಟ್ಟಡ ಕೆಲಸ ಮಾಡುತ್ತಿರುವವರ ವೋಟು ಇನ್ನೂ ಊರಲ್ಲೇ ಇರುತ್ತದೆ. ಬೆಳಿಗ್ಗೆ ಆರಕ್ಕೆ ಬಂದು ನಿಮ್ಮ ಬೀದಿ ಗುಡಿಸುವ ಪೌರಕಾರ್ಮಿಕರು ಬೇರೆ ವಾರ್ಡಿನಲ್ಲಿ ಇರುತ್ತಾರೆ. ನಿಮ್ಮ ವಾರ್ಡಿನಲ್ಲಿ ಕಸ ಎಲ್ಲಿ ಬೀಳುತ್ತದೆ, ಯಾರು ತಂದು ಸುರಿಯುತ್ತಾರೆ ಅಂತ ಅವರಷ್ಟು ಚೆನ್ನಾಗಿ ಯಾರಿಗೆ ಗೊತ್ತು? ಅವರಿಗೆ ಸಮಿತಿಯಲ್ಲಿ ಕುರ್ಚಿ ಇಲ್ಲ. ನಿಯಮ ಬದಲಾಗುವವರೆಗೆ ಕಾಯಬೇಕಾಗಿಲ್ಲ. ವಿಶೇಷ ಆಹ್ವಾನಿತರು ಅಂತ ಕರೆದು ಕೂರಿಸಲು ಯಾರ ಅಡ್ಡಿಯೂ ಇಲ್ಲ.

ಈ ವಿಷಯದಲ್ಲಿ ಬೀದಿ ವ್ಯಾಪಾರಿಗಳ ಕಾಯ್ದೆ ಮುಂದಿದೆ. 2014ರ ಆ ಕಾಯ್ದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಜನ ಬೀದಿ ವ್ಯಾಪಾರಿಗಳೇ ಇರಬೇಕು. ಅವರನ್ನು ವ್ಯಾಪಾರಿಗಳೇ ವೋಟು ಹಾಕಿ ಆರಿಸಬೇಕು. ಅದರಲ್ಲಿ ಮೂರನೇ ಒಂದು ಭಾಗ ಹೆಣ್ಣುಮಕ್ಕಳು. ಅಧಿಕಾರಿ ಕರೆದು ಕೂರಿಸಿದವರು ಬೇರೆ, ತಮ್ಮವರು ಆರಿಸಿ ಕಳಿಸಿದವರು ಬೇರೆ. ಎರಡನೆಯವರು ಸಭೆಯಲ್ಲಿ ಸುಮ್ಮನೆ ಕೂತು ಬಂದರೆ ಮಾರನೇ ದಿನ ಮಾರ್ಕೆಟ್‌ನಲ್ಲಿ ಪಕ್ಕದ ಗಾಡಿಯವನೇ ಕೇಳುತ್ತಾನೆ.

ಇನ್ನೊಂದು ದಾರಿ ಚೀಟಿ ಎತ್ತುವುದು. ನಗಬೇಡಿ. ಐರ್ಲೆಂಡಿನ ಆ 99 ಜನರನ್ನೂ ಹಾಗೇ ಯಾದೃಚ್ಛಿಕವಾಗಿ ಆರಿಸಿದ್ದರು, ವಯಸ್ಸು, ಊರು, ಗಂಡು ಹೆಣ್ಣು ಎಲ್ಲ ಸರಿಯಾಗಿ ಹಂಚಿಕೆ ಆಗುವ ಹಾಗೆ ನೋಡಿಕೊಂಡು. ನಮ್ಮ ಪಕ್ಕದಲ್ಲೇ, ಕಾಂಚೀಪುರದ ಹತ್ತಿರ ಉತ್ತಿರಮೇರೂರು ಅಂತ ಊರಿದೆ. ಅಲ್ಲಿನ ದೇವಸ್ಥಾನದ ಗೋಡೆಯ ಮೇಲೆ ಚೋಳ ದೊರೆ ಒಂದನೇ ಪರಾಂತಕನ ಕಾಲದ ಶಾಸನಗಳಿವೆ, 919 ಮತ್ತು 921ನೇ ಇಸವಿಯವು. ಊರಿನಲ್ಲಿ 30 ಕೇರಿ. ಪ್ರತಿ ಕೇರಿಯಿಂದ ಅರ್ಹರ ಹೆಸರನ್ನು ಓಲೆಗರಿಯಲ್ಲಿ ಬರೆದು ಗಡಿಗೆಗೆ ಹಾಕಿ, ಏನೂ ಅರಿಯದ ಒಬ್ಬ ಹುಡುಗನ ಕೈಯಲ್ಲಿ ಎತ್ತಿಸುತ್ತಿದ್ದರು. ಹೀಗೆ ಬಂದವರಿಂದ ಕೆರೆಗೆ ಒಂದು ಸಮಿತಿ, ತೋಟಕ್ಕೆ ಒಂದು ಸಮಿತಿ. ಅವಧಿ 360 ದಿನ. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವರ ಹೆಸರನ್ನು ಗಡಿಗೆಗೆ ಹಾಕುವ ಹಾಗಿಲ್ಲ. ಅವರ ನೆಂಟರ ಹೆಸರೂ ಹಾಕುವ ಹಾಗಿಲ್ಲ!

ಇದನ್ನು ಕೇಳಿ ಎದೆ ಉಬ್ಬಿಸಿಕೊಂಡು ಮನೆಗೆ ಹೋಗುವುದು ಬೇಡ. ಆ ಗಡಿಗೆಯಲ್ಲಿ ಹೆಂಗಸರ ಹೆಸರು ಇರಲಿಲ್ಲ. ಸ್ವಂತ ಜಮೀನು, ಸ್ವಂತ ಮನೆ, ವೇದ ಓದಿದ ಅರ್ಹತೆ ಬೇಕಿತ್ತು. ಯಾರ ಹೆಸರು ಗಡಿಗೆಗೆ ಬೀಳುತ್ತದೆ ಅನ್ನುವುದರಲ್ಲೇ ಅರ್ಧ ತೀರ್ಮಾನ ಆಗಿಹೋಗಿರುತ್ತದೆ. ನಾನು ಹೇಳುವುದು ಇಷ್ಟೇ: ಹತ್ತರಲ್ಲಿ ಮೂರು ನಾಲ್ಕು ಜಾಗವನ್ನಾದರೂ, ಅರ್ಜಿ ಹಾಕಿದವರೆಲ್ಲರ ಹೆಸರಿನ ಚೀಟಿ ಮಾಡಿ, ಎಲ್ಲರ ಮುಂದೆ ಎತ್ತಿ. ಕಾರ್ಪೊರೇಟರ್ ಬೆಂಬಲಿಗರೇ ಸಮಿತಿ ತುಂಬಿಕೊಂಡರು ಅನ್ನುವ ದೂರು ಅಷ್ಟರ ಮಟ್ಟಿಗೆ ಕಡಿಮೆ ಆಗುತ್ತದೆ. ಸಭೆಯ ಹೊತ್ತನ್ನೂ ಬದಲಾಯಿಸಿ. ಶನಿವಾರ ಹನ್ನೊಂದಕ್ಕೆ ಮನೆಕೆಲಸಕ್ಕೆ ಹೋಗುವ ಹೆಂಗಸು ಮೂರನೇ ಮನೆಯಲ್ಲಿ ಪಾತ್ರೆ ತೊಳೆಯುತ್ತಿರುತ್ತಾಳೆ.

ಈಗ ದುಡ್ಡಿನ ಮಾತಿಗೆ ಬರೋಣ. ದುಡ್ಡಿಲ್ಲದ ಸಲಹೆಗೆ ಯಾರೂ ಕಿವಿ ಕೊಡುವುದಿಲ್ಲ. ಕೇರಳದಲ್ಲಿ 1996ರಲ್ಲಿ ಜನಕೀಯ ಆಸೂತ್ರಣ, ಅಂದರೆ ಜನರೇ ಸೇರಿ ಯೋಜನೆ ಮಾಡುವ ಪದ್ಧತಿ ಶುರು ಮಾಡಿದಾಗ ಮೊದಲು ಮಾಡಿದ ಕೆಲಸ ರಾಜ್ಯದ ಯೋಜನಾ ಹಣದ ಶೇ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಟ್ಟದ್ದು. ಹಣ ಬರುತ್ತದೆ ಅಂತ ಗೊತ್ತಾದ ಮೇಲೆ ಗ್ರಾಮ ಸಭೆಗೆ ಜನ ಬಂದರು. ಪುಣೆಯಲ್ಲಿ 2006ರಿಂದ ನಾಗರಿಕರೇ ಫಾರಂ ತುಂಬಿ ತಮ್ಮ ವಾರ್ಡಿನ ಸಣ್ಣ ಕೆಲಸಗಳನ್ನು ಪಾಲಿಕೆ ಬಜೆಟ್‌ಗೆ ಸೂಚಿಸುವ ಪದ್ಧತಿ ಇದೆ. ಬೆಂಗಳೂರಿನಲ್ಲಿ ಒಂದು ಬಜೆಟ್‌ನಲ್ಲಿ ಪ್ರತಿ ವಾರ್ಡಿಗೆ 60 ಲಕ್ಷ ರೂಪಾಯಿ ಇಟ್ಟು, ಎಲ್ಲಿ ಖರ್ಚು ಮಾಡಬೇಕು ಅಂತ ವಾರ್ಡ್ ಸಮಿತಿಯನ್ನು ಕೇಳಿದ್ದರು. ನಗರದ ಲೆಕ್ಕದಲ್ಲಿ ಅದು ದೊಡ್ಡ ಮೊತ್ತ ಅಲ್ಲ. ಆದರೆ ಆ ವರ್ಷ ಸಭೆಯ ಮಾತಿನ ಧಾಟಿಯೇ ಬೇರೆ. "ಎಲ್ಲ ಕಡೆ ಫುಟ್‌ಪಾತ್ ಸರಿ ಮಾಡಿ" ಅನ್ನುತ್ತಿದ್ದವರು "ಈ ಎರಡರಲ್ಲಿ ಯಾವುದು ಮೊದಲು" ಅಂತ ಜಗಳ ಆಡತೊಡಗಿದರು. ಆ ಜಗಳ ನನಗೆ ಬಹಳ ಇಷ್ಟ.

ಅದರಲ್ಲೂ ಹೊತ್ತು ಮುಖ್ಯ. ಪಾಲಿಕೆ ಬಜೆಟ್ ಬರುವುದು ಫೆಬ್ರವರಿ, ಮಾರ್ಚ್‌ನಲ್ಲಿ. "ಸಾರ್ವಜನಿಕರಿಂದ ಸಲಹೆ ಆಹ್ವಾನಿಸಲಾಗಿದೆ" ಅನ್ನುವ ಪ್ರಕಟಣೆ ಎಷ್ಟೋ ಕಡೆ ಬರುವುದು ಜನವರಿಯಲ್ಲಿ, ಆಗಲೇ ಅಂಕಿ ಅಂಶ ಎಲ್ಲ ತಯಾರಾಗಿರುತ್ತದೆ. ನೀವು ಕೇಳಬೇಕಾದದ್ದು ದಸರಾ ಹೊತ್ತಿಗೆ. ಸೆಪ್ಟೆಂಬರ್, ಅಕ್ಟೋಬರ್ ಸಭೆಯಲ್ಲಿ ವಾರ್ಡಿನ ಪಟ್ಟಿ ಮಾಡಿ, ಎಂಜಿನಿಯರ್ ಕೈಯಲ್ಲಿ ಅಂದಾಜು ವೆಚ್ಚ ಹಾಕಿಸಿ, ನಡಾವಳಿಯಲ್ಲಿ ಸೇರಿಸಿ. ಜನವರಿಯಲ್ಲಿ ಕೊಟ್ಟ ಪಟ್ಟಿ ಇನ್ನೊಂದು ವರ್ಷ ಕಾಯುತ್ತದೆ.

ಕಾರ್ಪೊರೇಟರ್‌ಗಳ ಪರವಾಗಿಯೂ ಒಂದು ಮಾತು ಹೇಳಬೇಕು. "ಓಟು ಕೇಳಿ ಗೆದ್ದು ಬಂದವನು ನಾನು, ಇವರು ಯಾರು ನನ್ನನ್ನು ಕೇಳೋಕೆ" ಅಂತ ಅವರಿಗೆ ಅನ್ನಿಸುವುದು ಸಹಜ. ಆ ಪ್ರಶ್ನೆಯಲ್ಲಿ ಅರ್ಧ ನ್ಯಾಯ ಇದೆ. ನಾವು ಗೆದ್ದು ಬಂದವರಲ್ಲ. ಅದಕ್ಕೇ ಸಮಿತಿ ತೀರ್ಮಾನಿಸಿದ್ದೇ ಆಗಬೇಕು ಅಂತ ನಾನು ಹೇಳುವುದಿಲ್ಲ. ತೀರ್ಮಾನ ಅವರದ್ದೇ ಇರಲಿ. ಆದರೆ ನಮ್ಮ ಸಲಹೆ ಬಿಟ್ಟರೆ ಯಾಕೆ ಬಿಟ್ಟೆ ಅಂತ ಬರೆಯಲಿ. ಚುನಾವಣೆ ಬಂದಾಗ ಅವರಿಗೂ ಅದು ಉಪಯೋಗಕ್ಕೆ ಬರುತ್ತದೆ.

ಮತ್ತೆ, ಕಾರ್ಪೊರೇಟರ್ ಇಲ್ಲದೆ ಸಮಿತಿಯೂ ಬಡವಾಗುತ್ತದೆ. ಬೆಂಗಳೂರಿನ ಹಳೆಯ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆ ಆಗಲಿಲ್ಲ. ವಾರ್ಡಿಗೊಬ್ಬ ನೋಡಲ್ ಅಧಿಕಾರಿ ಬಂದರು. ಕೆಲವರು ಒಳ್ಳೆಯವರೇ. ಆದರೆ ಅವರ ಮೂಲ ಕೆಲಸ ಬೇರೆ, ವರ್ಗಾವಣೆ ಬೇರೆ. ಪರಿಚಯ ಆಗುವಷ್ಟರಲ್ಲಿ ಹೊರಟಿರುತ್ತಾರೆ. 2025ರ ಸೆಪ್ಟೆಂಬರ್ 2ರಂದು ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆಯ ಅಡಿಯಲ್ಲಿ ಐದು ಪಾಲಿಕೆಗಳಾದವು. ವಾರ್ಡ್‌ಗಳು 369 ಅಂತಾಯಿತು. ವಾರ್ಡ್ ಚಿಕ್ಕದಾಗುವುದು ಒಳ್ಳೆಯದೇ. ಮೋರಿಯ ಚಪ್ಪಡಿ ಹಾಕುವವರು ಯಾರು ಅನ್ನುವ ಗೊಂದಲ ಮಾತ್ರ ಐದು ಪಾಲಿಕೆ ಮಾಡಿದರೂ ತಾನಾಗಿ ಹೋಗುವುದಿಲ್ಲ. ಅದಕ್ಕೆ ನೀರು, ಒಳಚರಂಡಿ, ಕರೆಂಟು, ಪೊಲೀಸ್ ಟ್ರಾಫಿಕ್, ಎಲ್ಲರೂ ಸಭೆಗೆ ಬರಬೇಕು. ಬರದಿದ್ದರೆ ಗೈರು ಅಂತ ಹೆಸರು ಹಾಕಿ ಬರೆಯಬೇಕು.

ನನ್ನ ಮಾತು ಮುಗಿಯಿತು. ಪ್ರಶ್ನೆ ಇದ್ದರೆ ಕೇಳಿ.

(ಪ್ರಶ್ನೆಗಳು ಬಹಳ ಬಂದವು. ಎರಡನ್ನು ಇಲ್ಲಿ ಕೊಡುತ್ತೇನೆ.)

ಒಬ್ಬ ಯುವಕರು ಕೇಳಿದರು: "ಸಾರ್, ಸಭೆಯೆಲ್ಲ ಯಾಕೆ, ಆಪ್‌ನಲ್ಲಿ ದೂರು ಹಾಕಿದರೆ ಆಯಿತಲ್ಲ?"

ಹಾಕಿ. ಒಂದು ದೀಪ ಕೆಟ್ಟಿದ್ದರೆ ಆಪ್ ಸಾಕು. ಟ್ವೀಟ್ ಮಾಡಿದರೂ ಆಗುತ್ತದೆ. ಆದರೆ ಪಾರ್ಕಿನ ಪಕ್ಕದ ಜಾಗದಲ್ಲಿ ಪಾರ್ಕಿಂಗ್ ಬೇಕೋ, ಬೀದಿ ವ್ಯಾಪಾರಿಗಳಿಗೆ ಜಾಗ ಬೇಕೋ ಅನ್ನುವುದನ್ನು ಆಪ್ ತೀರ್ಮಾನ ಮಾಡುವುದಿಲ್ಲ. ಆಪ್‌ನಲ್ಲಿ ನೀವು ಒಬ್ಬರೇ ಇರುತ್ತೀರಿ. ಎದುರಿಗೆ ಇನ್ನೊಬ್ಬರು ಕೂತು "ನಿಮ್ಮ ಕಾರಿಗಿಂತ ನನ್ನ ಹೊಟ್ಟೆಪಾಡು ಮುಖ್ಯ" ಅಂತ ಹೇಳುವುದಿಲ್ಲ. ಆಮೇಲೆ, ಆಪ್‌ನಲ್ಲಿ ಕೆಲಸ ಆಗದೆಯೇ "ಪರಿಹರಿಸಲಾಗಿದೆ" ಅಂತ ದೂರು ಮುಚ್ಚಿದ್ದನ್ನು ನೋಡಿದವರು ಇಲ್ಲಿ ಎಷ್ಟು ಜನ ಇದ್ದೀರಿ, ಕೈ ಎತ್ತಿ. (ಬಹಳ ಕೈಗಳು ಮೇಲೆ ಬಂದವು.)

ಹಿಂದಿನ ಸಾಲಿನಿಂದ ಒಬ್ಬ ಅಮ್ಮ ಕೇಳಿದರು: "ನೀವು ಹೇಳಿದ ಹಾಗೆ ಗೆರೆ ಹೊಡೆದು ಬರೆಸಿದೆವು. ಉತ್ತರವೂ ಬಂತು. ಅನುದಾನ ಇಲ್ಲ ಅಂತ ಬರೆದಿದ್ದಾರೆ. ಈಗ ಏನು ಮಾಡೋದು?"

ಅಮ್ಮಾ, ಅದು ಒಳ್ಳೆಯ ಉತ್ತರ. ನಿಜ ಹೇಳುತ್ತಿದ್ದೇನೆ. ಅನುದಾನ ಇಲ್ಲ ಅಂದರೆ ಕೆಲಸ ಬೇಕು ಅಂತ ಒಪ್ಪಿದ್ದಾರೆ, ದುಡ್ಡು ಮಾತ್ರ ಇಲ್ಲ. ಆ ಕಾಗದದಲ್ಲಿ ಅಂದಾಜು ಎಷ್ಟಾಗುತ್ತದೆ ಅಂತ ಬರೆದಿಲ್ಲದಿದ್ದರೆ ಮುಂದಿನ ಸಭೆಯಲ್ಲಿ ಅದನ್ನು ಬರೆಸಿಕೊಳ್ಳಿ. ಅಕ್ಟೋಬರ್‌ನಲ್ಲಿ ಬಜೆಟ್ ಪಟ್ಟಿಗೆ ಅದನ್ನೇ ಲಗತ್ತಿಸಿ. ನಿಮ್ಮ ಶಾಸಕರಿಗೆ ಕ್ಷೇತ್ರದ ಅಭಿವೃದ್ಧಿ ನಿಧಿ ಇದೆ, ಅವರ ಕಚೇರಿಗೂ ಒಂದು ಪ್ರತಿ ಕೊಟ್ಟು, ಸ್ವೀಕೃತಿ ಸೀಲ್ ಹಾಕಿಸಿಕೊಂಡು ಬನ್ನಿ. ಹಾಂ, ಎಲ್ಲ ಕಡೆಗೂ ಜೆರಾಕ್ಸ್ ಕೊಡಿ. ಒರಿಜಿನಲ್ ಮನೆಯಲ್ಲೇ ಇರಲಿ.